ಪಿಂಕಿಯ ಮಾತ್ರೆ, ಸರೋಜಮ್ಮನ ಹೆಸರು

ನಾಯಿ ಕಚ್ಚುತ್ತದೆ ಎಂಬ ಭಯ ಈ ಕೆಲಸಕ್ಕೆ ಬಂದ ಮೊದಲ ವರ್ಷವೇ ನನಗೆ ಹೋಯಿತು. ಕಚ್ಚಿಸಿಕೊಂಡ ಮೇಲೆ ಹೋಯಿತು ಅನ್ನಿ. ಎಡಗೈ ಹೆಬ್ಬೆರಳಿನ ಬುಡದಲ್ಲಿ ಒಂದು ಅಲ್ಸೇಷಿಯನ್ನಿನ ಎರಡು ಹಲ್ಲಿನ ಗುರುತು ಈಗಲೂ ಇದೆ. ನನ್ನ ಜೊತೆಗೇ ನಿವೃತ್ತಿಯಾಗಿ ಮನೆಗೆ ಬಂದ ಭಯ ಬೇರೆ. ನಾಯಿಗೆಂದು ನಾನು ಬರೆದುಕೊಟ್ಟ ಒಂದು ಚೀಟಿಯಿಂದ ಮನುಷ್ಯರ ಜೀವ ಹೋಗಬಹುದು, ಹೋಗಿರಲೂಬಹುದು ಎಂಬ ಭಯ ಅದು.  

ಈಗತಾನೇ ಪಶುವೈದ್ಯರಾಗಿ ಹೊರಬಂದ ನಾಲ್ಕೈದು ಮಂದಿ ಮನೆಗೆ ಬಂದು ನಿಮ್ಮ ಅನುಭವ ಬರೆಯಿರಿ ಎಂದು ಕೂತರು. ಎಷ್ಟು ನಾಯಿಗಳನ್ನು ಬದುಕಿಸಿದೆ ಎಂದು ಬರೆದರೆ ನಿಮಗೆ ಉಪಯೋಗವಿಲ್ಲ, ಬದುಕಿಸುವುದನ್ನು ಕಾಲೇಜಿನಲ್ಲಿ ಕಲಿಸಿರುತ್ತಾರೆ. ಕಲಿಸದೆ ಬಿಟ್ಟದ್ದನ್ನು ಬರೆಯುತ್ತೇನೆ.

ತೊಂಬತ್ತರ ದಶಕದ ಮೊದಲಲ್ಲಿ ನಾನು ಶಿವಾಜಿನಗರದ ಒಂದು ಸಂದಿಯಲ್ಲಿದ್ದ ಕ್ಲಿನಿಕ್ಕಿಗೆ ಸೇರಿದೆ. ಅದರ ಯಜಮಾನರನ್ನು ಎಲ್ಲರೂ ಕರ್ನಲ್ ಎನ್ನುತ್ತಿದ್ದರು. ಸೈನ್ಯದ ಕುದುರೆಗಳನ್ನು ನೋಡಿಕೊಂಡು ನಿವೃತ್ತರಾಗಿ, ಆಮೇಲೆ ದಂಡು ಪ್ರದೇಶದ ಬಂಗಲೆ ನಾಯಿಗಳನ್ನೂ ಜಟಕಾ ಕುದುರೆಗಳನ್ನೂ ಒಂದೇ ಮೇಜಿನ ಎದುರು ನಿಲ್ಲಿಸಿ ನೋಡುತ್ತಿದ್ದವರು. ನಾಯಿಗೊಂದು ಮಾತು, ಒಡೆಯನಿಗೊಂದು ಬೈಗುಳ, ನನಗೆ ಎರಡು ಬೈಗುಳ. ಅವರ ಕಾಂಪೌಂಡರ್ ಅನ್ವರ್ ಸಾಬರು. ಕರ್ನಲ್ ತೀರಿಕೊಂಡು ನಾನು ಹಲಸೂರಿನಲ್ಲಿ ನನ್ನದೇ ಕ್ಲಿನಿಕ್ ತೆರೆದಾಗ ನನ್ನ ಜೊತೆ ಬಂದವರು ಇದೇ ಅನ್ವರ್ ಸಾಬರು.

ಸೇರಿದ ವಾರದಲ್ಲೇ ಒಂದು ನಾಯಿಗೆ ತುರಿಕೆಯ ಔಷಧಿ ಬರೆದೆ. ಚೀಟಿಯ ಮೇಲೆ ರೋಗಿಯ ಹೆಸರು ಎಂಬಲ್ಲಿ ಟೈಗರ್ ಎಂದು ಬರೆದಿದ್ದೆ. ನಾಯಿಯ ಒಡತಿ ಅರ್ಧ ಗಂಟೆಯಲ್ಲಿ ಸಿಟ್ಟಿನಿಂದ ವಾಪಸು ಬಂದರು. ಆಗ ನಾಯಿಗೇ ಎಂದು ಬೇರೆ ಮಾತ್ರೆಗಳು ಎಲ್ಲಿ ಸಿಗುತ್ತಿದ್ದವು? ಮನುಷ್ಯರ ಮೆಡಿಕಲ್ ಸ್ಟೋರೇ ಗತಿ. ಆ ಅಂಗಡಿಯವನು ಟೈಗರ್ ಎಂಬ ಹೆಸರು ನೋಡಿ, ನಾಯಿಗೆಲ್ಲ ಕೊಡಲ್ಲ ಹೋಗಿ ಎಂದು ಎಲ್ಲರೆದುರು ನಕ್ಕಿದ್ದನಂತೆ.

ಕರ್ನಲ್ ಚೀಟಿ ಕಿತ್ತುಕೊಂಡು ಹರಿದರು. "ಏನ್ ಮ್ಯಾನ್, ಟೈಗರ್ ಅಂತ ಬರೀತೀಯಾ? ಆ ಅಮ್ಮನ ಹೆಸರು ಬರಿ. ಮಾತ್ರೆ ಅದೇ ತಾನೇ? ಹೆಸರು ಯಾರ್ದಾದ್ರೇನು?"

ಅವತ್ತಿನಿಂದ ನಾನು ಹಾಗೇ ಬರೆದೆ. ನಾಯಿಯನ್ನು ಯಾರು ಎತ್ತಿಕೊಂಡು ಬರುತ್ತಾರೋ ಅವರ ಹೆಸರು. ಮೇರಿ, ಶಾಂತಾ, ಜೈನಬ್, ಗೋಪಾಲ್. ಹತ್ತು ಹನ್ನೆರಡು ವರ್ಷ ಹೀಗೇ ನಡೆಯಿತು. ಇದು ತಪ್ಪು ಎಂದು ನನಗೆ ಒಂದು ಸಲವೂ ಅನ್ನಿಸಲಿಲ್ಲ. ಇದು ಜಾಣತನ ಎಂದೇ ಅಂದುಕೊಂಡಿದ್ದೆ.

ರಕ್ತ ಪರೀಕ್ಷೆಯದೂ ಅದೇ ಕತೆ. ಥೈರಾಯ್ಡ್, ಕಾರ್ಟಿಸಾಲ್ ಇಂಥ ಹಾರ್ಮೋನುಗಳನ್ನು ನೋಡಬೇಕಾದರೆ ಮನುಷ್ಯರ ಲ್ಯಾಬಿಗೇ ಕಳಿಸಬೇಕು. ನಾಯಿಯ ರಕ್ತ ಎಂದು ಗೊತ್ತಾದರೆ ಅವರು ಮುಟ್ಟುತ್ತಿರಲಿಲ್ಲ. ಅದಕ್ಕೆ ಮನೆಯವರ ಹೆಸರು, ನಾಯಿಯ ವಯಸ್ಸು ಬರೆದು ಕಳಿಸುತ್ತಿದ್ದೆವು. ಶಾಂತಾ, ಏಳು ವರ್ಷ. ಒಂದು ಸಲ ಲ್ಯಾಬಿನ ಡಾಕ್ಟರೇ ಗಾಬರಿಯಾಗಿ ಫೋನ್ ಮಾಡಿದರು. "ಸಾರ್, ಏಳು ವರ್ಷದ ಮಗೂಗೆ ಇಷ್ಟೊಂದು ಕೊಲೆಸ್ಟರಾಲ್ ನಾನು ನೋಡೇ ಇಲ್ಲ. ತಕ್ಷಣ ಅಡ್ಮಿಟ್ ಮಾಡ್ಸಿ!" ಮಗು ಆ ಹೊತ್ತಿನಲ್ಲಿ ನನ್ನ ಮೇಜಿನ ಕೆಳಗೆ ಬಾಲ ಅಲ್ಲಾಡಿಸುತ್ತಾ ನನ್ನ ಚಪ್ಪಲಿ ಕಡಿಯುತ್ತಿತ್ತು. ಆಯಿತು ಸಾರ್, ಈಗಲೇ ಮಾಡಿಸುತ್ತೇನೆ ಎಂದು ಫೋನ್ ಇಟ್ಟೆ. ಅನ್ವರ್ ಸಾಬರು ಮೂರು ದಿನ ನಕ್ಕರು. ನಾನೂ ನಕ್ಕೆ.

ನಗು ಹೆಚ್ಚು ದಿನ ಉಳಿಯಲಿಲ್ಲ. ದೊಮ್ಮಲೂರಿನಿಂದ ಬರುತ್ತಿದ್ದ ಬ್ರೂನೋ ಎಂಬ ಗಿಡ್ಡ ಕಾಲಿನ ಡ್ಯಾಶ್‌ಹುಂಡ್ ಸ್ವಲ್ಪ ದಪ್ಪವಾಗಿತ್ತು, ಸೋಮಾರಿಯಾಗಿತ್ತು. ಥೈರಾಯ್ಡ್ ಪರೀಕ್ಷೆಗೆ ರಕ್ತ ಕಳಿಸಿದೆ. ಬಂದ ವರದಿಯ ಪಕ್ಕದಲ್ಲಿ ಎಷ್ಟರಿಂದ ಎಷ್ಟರವರೆಗೆ ಇರಬೇಕು ಎಂದು ಅಚ್ಚಾಗಿತ್ತು. ಬ್ರೂನೋನ ಲೆಕ್ಕ ಅದಕ್ಕಿಂತ ಬಹಳ ಕೆಳಗಿತ್ತು. ಕಾಯಿಲೆ ಸಿಕ್ಕಿತು ಎಂದು ಖುಷಿಯಾಗಿ ಥೈರಾಯ್ಡ್ ಮಾತ್ರೆ ಶುರು ಮಾಡಿದೆ. ತಿಂಗಳೊಳಗೆ ಆ ನಾಯಿ ಪಕ್ಕೆಲುಬು ಕಾಣುವಷ್ಟು ಇಳಿದು, ನಾಲಿಗೆ ಹೊರಹಾಕಿ, ಕೂತಲ್ಲಿ ಕೂರದೆ ಕೋಣೆಯ ತುಂಬ ಸುತ್ತತೊಡಗಿತು. ಎದೆಗೆ ಕೈ ಇಟ್ಟರೆ ಹೃದಯ ಅಂಗೈಗೆ ಗುದ್ದುತ್ತಿತ್ತು.

ಕರ್ನಲ್ ವರದಿ ನೋಡಿ ಕನ್ನಡಕ ತೆಗೆದರು. "ಈ ನಾರ್ಮಲ್ ಅನ್ನೋದು ಮನುಷ್ಯರ ನಾರ್ಮಲ್ ಕಣೋ. ನಾಯಿಗೆ ಇದು ಕಡಿಮೇನೇ ಇರೋದು. ನಿನ್ ನಾಯಿಗೆ ಏನೂ ಆಗಿರ್ಲಿಲ್ಲ."

ಮಾತ್ರೆ ನಿಲ್ಲಿಸಿದ ಮೇಲೆ ಬ್ರೂನೋ ಸುಧಾರಿಸಿತು. ಕಾಗದದ ಮೇಲೆ ಅದನ್ನು ಮನುಷ್ಯ ಮಾಡಿದ್ದೆ, ಆಮೇಲೆ ಚಿಕಿತ್ಸೆಯನ್ನೂ ಮನುಷ್ಯನಿಗೇ ಕೊಟ್ಟಿದ್ದೆ. ಅವತ್ತು ನನಗೆ ಅರ್ಧ ಪಾಠ ಮಾತ್ರ ಅರ್ಥವಾಯಿತು. ವರದಿಗಳನ್ನು ನಾಯಿಯ ಲೆಕ್ಕದಲ್ಲಿ ಓದಲು ಕಲಿತೆ. ಚೀಟಿಗಳ ಮೇಲೆ ಮಾತ್ರ ಮನುಷ್ಯರ ಹೆಸರು ಬರೆಯುತ್ತಲೇ ಹೋದೆ.

ಎರಡು ಸಾವಿರದ ಇಸವಿ ದಾಟುವ ಹೊತ್ತಿಗೆ ನಾನು ಹಲಸೂರಿನಲ್ಲಿದ್ದೆ. ಇಂದಿರಾನಗರದಿಂದ, ಜೋಗುಪಾಳ್ಯದಿಂದ, ಕಾರ್ಖಾನೆ ನೌಕರರ ಕಾಲೊನಿಗಳಿಂದ ನಾಯಿಗಳು ಬರುತ್ತಿದ್ದವು. ಜಟಕಾ ಕುದುರೆಗಳು ಮಾಯವಾಗಿದ್ದವು. ನಾಯಿಗಳು ಮಾತ್ರ ವರ್ಷ ವರ್ಷ ದಪ್ಪವಾಗುತ್ತಾ ಹೋದವು. ಮೊಸರನ್ನ, ಬಿಸ್ಕತ್ತು, ಮೈಸೂರುಪಾಕು ತಿನ್ನುವ ಬಿಳಿ ಪೊಮೆರೇನಿಯನ್‌ಗಳು ಮನೆಗೊಂದು.

ಆ ದಿನಗಳಲ್ಲೇ ನಳಿನಿ ಎಂಬ ಯುವ ವೈದ್ಯೆ ನನ್ನ ಕ್ಲಿನಿಕ್ಕಿಗೆ ಬರತೊಡಗಿದಳು. ದಪ್ಪ ನಾಯಿಗಳ ರಕ್ತದ ಮೇಲೆ ಸಂಶೋಧನೆ ಮಾಡುತ್ತಿದ್ದಳು. ನಾವು ಓದುವಾಗ ಕೊಬ್ಬು ಎಂದರೆ ಸುಮ್ಮನೆ ಬಿದ್ದಿರುವ ದಾಸ್ತಾನು. ಅವಳು ಹೇಳಿದ್ದು ಬೇರೆ. "ಸಾರ್, ಕೊಬ್ಬೂ ಒಂದು ಗ್ರಂಥಿ ಥರಾನೇ. ಲೆಪ್ಟಿನ್ ಅಂತ ಒಂದು ಹಾರ್ಮೋನ್ ಬಿಡುತ್ತೆ. ದಾಸ್ತಾನು ತುಂಬಿದೆ, ಇನ್ನು ತಿನ್ಬೇಡ ಅಂತ ಮೆದುಳಿಗೆ ಹೇಳಿ ಕಳಿಸುತ್ತೆ."

"ಹಾಗಾದ್ರೆ ಈ ಪೊಮೆರೇನಿಯನ್‌ಗಳು ಯಾಕಮ್ಮ ತಿನ್ನೋದು ನಿಲ್ಲಿಸಲ್ಲ?"

"ಹೇಳಿ ಹೇಳಿ ಮೆದುಳು ಕೇಳೋದೇ ಬಿಟ್ಟಿರುತ್ತೆ ಸಾರ್. ಮನೇಲಿ ದಿನಾ ಕೂಗೋರ ಮಾತು ಯಾರು ಕೇಳ್ತಾರೆ?"

ನನಗೆ ಈ ಹುಡುಗಿ ಹಿಡಿಸಿದಳು. ಜೊತೆಗೆ ಸ್ವಲ್ಪ ಹೆದರಿಕೆಯೂ ಆಯಿತು, ಇಷ್ಟು ವರ್ಷ ನನಗೆ ಗೊತ್ತಿಲ್ಲದ ಒಂದು ಗ್ರಂಥಿಯನ್ನು ಎಷ್ಟು ನಾಯಿಗಳ ಹೊಟ್ಟೆಯಲ್ಲಿ ಹಿಸುಕಿ ನೋಡಿದ್ದೆನೋ ಎಂದು. ಅವಳಿಗಾಗಿ ನಾನು ಹದಿನೈದಿಪ್ಪತ್ತು ದಪ್ಪ ನಾಯಿಗಳ ರಕ್ತ ತೆಗೆದುಕೊಟ್ಟೆ. ಅದರಲ್ಲಿ ಒಂದು ಪಿಂಕಿ.

ಪಿಂಕಿ ಜೋಗುಪಾಳ್ಯದ ಸರೋಜಮ್ಮನವರ ಪೊಮೆರೇನಿಯನ್, ಎಂಟು ವರ್ಷದ ಹೆಣ್ಣು. ಸರೋಜಮ್ಮನವರಿಗೆ ಆಗ ಐವತ್ತೆಂಟು ಇರಬಹುದು. ಗಂಡ ರಾಮಮೂರ್ತಿಗಳು ಕಾರ್ಖಾನೆಯಿಂದ ನಿವೃತ್ತರು. ಮಕ್ಕಳಿರಲಿಲ್ಲ, ಪಿಂಕಿಯೇ ಎಲ್ಲ. ಒಂದು ವರ್ಷದಿಂದ ಪಿಂಕಿಯ ಹೊಟ್ಟೆ ಜೋತುಬಿದ್ದಿತ್ತು, ಬೆನ್ನಿನ ಕೂದಲು ಉದುರಿ ಚರ್ಮ ಕಾಗದದಷ್ಟು ತೆಳುವಾಗಿತ್ತು, ಬಕೆಟ್ಟುಗಟ್ಟಲೆ ನೀರು ಕುಡಿಯುತ್ತಿತ್ತು, ಎಷ್ಟು ಹಾಕಿದರೂ ತಿನ್ನುತ್ತಿತ್ತು. ಅವರು ಬಂದಾಗಲೆಲ್ಲ ನಾನು ಸರೋಜಮ್ಮನವರಿಗೆ ಬೈಯುತ್ತಿದ್ದೆ.

"ನೀವು ತಿನ್ನಿಸಿ ತಿನ್ನಿಸಿ ಸಾಯಿಸ್ತಿದ್ದೀರಾ ಇದನ್ನ."

"ಇಲ್ಲ ಡಾಕ್ಟ್ರೇ, ಈಗ ಬರೀ ಗಂಜಿ ಕೊಡ್ತಿದ್ದೀನಿ. ದೇವ್ರಾಣೆ."

"ಬೇರೆ ಏನಾದ್ರೂ ಮಾತ್ರೆ ಕೊಡ್ತೀರಾ?"

"ನಿಮ್ಮ ಮಾತ್ರೆ ಬಿಟ್ರೆ ಬೇರೇನೂ ಕೊಡಲ್ಲ."

ನನ್ನ ಮಾತ್ರೆ ಯಾವುದು ಎಂದು ನಾನು ಕೇಳಲಿಲ್ಲ. ಹುಳುವಿನ ಮಾತ್ರೆ ಇರಬೇಕು ಎಂದುಕೊಂಡು ಮುಂದಿನ ನಾಯಿಯನ್ನು ಕರೆದೆ. ಸರೋಜಮ್ಮನವರು ಹೊರಗೆ ಹೋದ ಮೇಲೆ ಅನ್ವರ್ ಸಾಬರು ಮೆಲ್ಲಗೆ ಹೇಳಿದರು. "ಸಾಬ್, ಆ ಅಮ್ಮನ ಕೈ ನೋಡಿದ್ರಾ? ನೀಲಿ ನೀಲಿ ಆಗಿದೆ."

"ನಾಯಿ ಪರಚಿರುತ್ತೆ ಬಿಡ್ರೀ," ಎಂದೆ.

ನಳಿನಿ ಪಿಂಕಿಯ ವರದಿ ಹಿಡಿದು ಒಂದು ಮಧ್ಯಾಹ್ನ ಓಡೋಡಿ ಬಂದಳು. "ಸಾರ್, ಇದ್ರ ಲೆಪ್ಟಿನ್ ನೋಡಿ. ಇಷ್ಟೇ ದಪ್ಪ ಇರೋ ಬೇರೆ ನಾಯಿಗಳಿಗಿಂತ ತುಂಬಾ ಜಾಸ್ತಿ. ಕೊಬ್ಬಿಂದ ಮಾತ್ರ ಇಷ್ಟು ಬರಲ್ಲ. ಅದಕ್ಕೇ ಅದೇ ರಕ್ತದಲ್ಲಿ ಕಾರ್ಟಿಸಾಲ್ ಕೂಡ ನೋಡಿಸ್ದೆ."

ಕಾರ್ಟಿಸಾಲ್ ಎಂದರೆ ಮೂತ್ರಪಿಂಡದ ಮೇಲೆ ಕೂತ ಪುಟ್ಟ ಗ್ರಂಥಿಯ ಹಾರ್ಮೋನು. ಅದು ಮಿತಿಮೀರಿದರೆ ನಾಯಿ ಪಿಂಕಿಯಂತೆಯೇ ಕಾಣುತ್ತದೆ, ಕೊಬ್ಬೂ ಲೆಪ್ಟಿನ್ ಅನ್ನು ಹೆಚ್ಚು ಸುರಿಸುತ್ತದೆ. ಹಾಗಾಗಿ ಕಾರ್ಟಿಸಾಲ್ ಆಕಾಶಕ್ಕೆ ಏರಿರುತ್ತದೆ ಎಂದುಕೊಂಡೆ. ವರದಿಯಲ್ಲಿ ಅದು ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ ಇತ್ತು.

"ಸಾರ್, ಇದ್ರ ಗ್ರಂಥಿ ಮಲಗಿಬಿಟ್ಟಿದೆ. ಹೊರಗಡೆಯಿಂದ ಯಾರೋ ದಿನಾ ಸ್ಟೀರಾಯ್ಡ್ ಕೊಡ್ತಿದ್ದಾರೆ. ಬೀಟಾಮೆಥಸೋನ್ ಥರದ್ದು. ಅದು ಈ ಪರೀಕ್ಷೆಲಿ ಕಾಣಿಸಲ್ಲ."

ನನ್ನ ಮಾತ್ರೆ. ನಾಲ್ಕು ವರ್ಷದ ಹಿಂದೆ ಪಿಂಕಿಗೆ ತುರಿಕೆಯಾದಾಗ ಹತ್ತು ದಿನಕ್ಕೆಂದು ನಾನೇ ಬೀಟಾಮೆಥಸೋನ್ ಬರೆದಿದ್ದೆ. 

ಮರುದಿನ ಸರೋಜಮ್ಮನವರನ್ನು ಕರೆಸಿದೆ. ಅವರು ಕೈಚೀಲದಿಂದ ನನ್ನ ಚೀಟಿಯನ್ನೇ ತೆಗೆದರು. ನಾಲ್ಕು ಮಡಿಕೆಯಾಗಿ, ಮಡಿಕೆಗಳಲ್ಲಿ ಸವೆದು, ಹಿಂದುಗಡೆ ಪ್ಲಾಸ್ಟಿಕ್ ಟೇಪು ಹಚ್ಚಿಸಿಕೊಂಡಿತ್ತು. ಮೇಲೆ ನನ್ನ ಅಕ್ಷರದಲ್ಲಿ ಸರೋಜಾ ಎಂದಿತ್ತು. ಮೆಡಿಕಲ್ ಸ್ಟೋರಿನವನು ತಿಂಗಳು ತಿಂಗಳೂ ಅದನ್ನು ನೋಡಿ ಮಾತ್ರೆ ಕೊಡುತ್ತಿದ್ದ. ಮಾತ್ರೆ ನಿಲ್ಲಿಸಿದರೆ ತುರಿಕೆ ವಾಪಸು ಬರುತ್ತಿತ್ತು, ಅದಕ್ಕೆ ಅವರು ನಿಲ್ಲಿಸಿರಲಿಲ್ಲ.

ಈಗ ನಾನು ಮಾಡಿದ ಕೆಲಸ ಕೇಳಿ. ಇಂಥ ಮಾತ್ರೆಯನ್ನು ಇದ್ದಕ್ಕಿದ್ದಂತೆ ನಿಲ್ಲಿಸಬಾರದು ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಮಲಗಿದ ಗ್ರಂಥಿ ಏಳುವ ಮೊದಲೇ ಮಾತ್ರೆ ನಿಂತರೆ ರಕ್ತದೊತ್ತಡ ಕುಸಿದು ಪ್ರಾಣಿ ಸಾಯುತ್ತದೆ. ಅದಕ್ಕೇ ಪಿಂಕಿಗೆ ಎಂಟು ವಾರದ ಇಳಿಕೆಯ ಪಟ್ಟಿ ಬರೆದೆ. ಮೊದಲು ಅರ್ಧ, ಆಮೇಲೆ ಕಾಲು, ಆಮೇಲೆ ದಿನ ಬಿಟ್ಟು ದಿನ. ಅನ್ವರ್ ಸಾಬರು ಒಂದೊಂದು ದಿನದ ಮಾತ್ರೆಯನ್ನು ಒಂದೊಂದು ಕಾಗದದ ಪೊಟ್ಟಣದಲ್ಲಿ ಕಟ್ಟಿ ತಾರೀಖು ಬರೆದರು. ಒಂದು ಚೂರೂ ಹೆಚ್ಚಿರಲಿಲ್ಲ.

"ಮನೇಲಿರೋ ಮಾತ್ರೆ ಎಲ್ಲಾ ನನಗೆ ಕೊಟ್ಬಿಡಿ," ಎಂದೆ.

"ಎಲ್ಲಾನೂನಾ ಡಾಕ್ಟ್ರೇ?"

"ಒಂದೂ ಇಟ್ಕೋಬಾರದು."

ಅವರು ಚೀಲದಿಂದ ಮಾತ್ರೆಯ ಎರಡು ಸ್ಟ್ರಿಪ್ ತೆಗೆದು ಮೇಜಿನ ಮೇಲಿಟ್ಟರು. ನಾನು ಅವರೆದುರಿಗೇ ಚೀಟಿ ಹರಿದು, ಅಂಗಡಿಯವನಿಗೂ ಫೋನ್ ಮಾಡಿ ಇನ್ನು ಆ ಮಾತ್ರೆ ಕೊಡಕೂಡದು ಎಂದು ತಾಕೀತು ಮಾಡಿದೆ. ಸರೋಜಮ್ಮನವರ ಮುಖ ಸಪ್ಪಗಾಯಿತು. ನಾನು ಗದರಿಸಿದ್ದಕ್ಕೆ ಇರಬೇಕು ಎಂದುಕೊಂಡೆ. ಅವರು ಹೋದ ಮೇಲೆ ನನ್ನ ಎಚ್ಚರಿಕೆಯ ಬಗ್ಗೆ ನನಗೇ ಮೆಚ್ಚುಗೆಯಾಗಿ ನಳಿನಿಗೆ ಮಸಾಲೆದೋಸೆ ತರಿಸಿಕೊಟ್ಟೆ.

ಹನ್ನೆರಡನೆಯ ದಿನ ಪಿಂಕಿ ತಪಾಸಣೆಗೆ ಬಂತು. ಎತ್ತಿಕೊಂಡು ಬಂದವರು ರಾಮಮೂರ್ತಿಗಳು. ನಾಯಿ ಕಳೆಕಳೆಯಾಗಿತ್ತು.

"ಅಮ್ಮ ಬರಲಿಲ್ವಾ?"

"ನರ್ಸಿಂಗ್ ಹೋಮ್‌ನಲ್ಲಿದ್ದಾಳೆ ಡಾಕ್ಟ್ರೇ, ಇಲ್ಲೇ ಕೆರೆ ಹತ್ರ. ಐದು ದಿನದಿಂದ ವಾಂತಿ. ಎದ್ದು ನಿಂತ್ರೆ ಬಿದ್ಬಿಡ್ತಾಳೆ. ಗ್ಯಾಸ್ಟ್ರಿಕ್ ಅಂತ ಡ್ರಿಪ್ ಹಾಕಿದ್ದಾರೆ, ಆದ್ರೂ ಬಿಪಿ ಏರ್ತಾನೇ ಇಲ್ವಂತೆ. ಬೆಳಿಗ್ಗೆ ನನ್ನ ಗುರುತೂ ಸರಿಯಾಗಿ ಹಿಡೀಲಿಲ್ಲ."

ನಾನು ಪಿಂಕಿಯ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡೇ ನಿಂತಿದ್ದೆ. ವಾಂತಿ, ನಿಂತರೆ ಬೀಳುವುದು, ಏರದ ಬಿಪಿ. ಈ ನಾಯಿಗೆ ಇದೇ ಆಗಬಾರದು ಎಂದು ನಾನು ಪೊಟ್ಟಣ ಕಟ್ಟಿಸಿದ್ದೆ. ಆಗ ನನ್ನ ಕಣ್ಣೆದುರು ಸರೋಜಮ್ಮನವರ ದುಂಡು ಮುಖ ಬಂತು, ತೆಳ್ಳಗಿನ ತೋಳು ಬಂತು, ತೋಳಿನ ಮೇಲಿನ ನೀಲಿ ಕಲೆಗಳು ಬಂದವು. ನಾಯಿಯ ಚರ್ಮವನ್ನು ಟಾರ್ಚ್ ಹಿಡಿದು ನೋಡಿದ್ದೆ. ಆ ನಾಯಿಯನ್ನು ಹಿಡಿದುಕೊಂಡಿದ್ದ ಕೈಯನ್ನು ಒಂದು ಸಲವೂ ನೋಡಿರಲಿಲ್ಲ.

"ಯಜಮಾನ್ರೇ, ಪಿಂಕಿ ಮಾತ್ರೆ ಅಮ್ಮ ಏನಾದ್ರೂ ತಗೋತಿದ್ರಾ?"

"ನಾಯಿ ಮಾತ್ರೆ ಅವಳ್ಯಾಕೆ ತಗೋತಾಳೆ?" ಎಂದರು ಅವರು, ನನಗೆ ತಲೆ ಕೆಟ್ಟಿದೆ ಎಂಬಂತೆ ನೋಡಿ.

ಮೆಡಿಕಲ್ ಸ್ಟೋರಿಗೆ ಫೋನ್ ಮಾಡಿದೆ. ತಿಂಗಳಿಗೆ ಎಷ್ಟು ಕೊಡುತ್ತಿದ್ದೆ ಎಂದು ಕೇಳಿದೆ. ಅವನು ಹೇಳಿದ್ದು ಪಿಂಕಿಗೆ ಬೇಕಾದ್ದರ ಮೂರರಷ್ಟು.  ಸ್ಕೂಟರ್ ಓಡಿಸಲು ನನ್ನಿಂದಾಗಲಿಲ್ಲ. ಅನ್ವರ್ ಸಾಬರು ಓಡಿಸಿದರು, ನಾನು ಹಿಂದೆ ಕೂತು ಅವರ ಶರ್ಟನ್ನು ಹಿಡಿದುಕೊಂಡಿದ್ದೆ. ಹಲಸೂರು ಮಾರ್ಕೆಟ್ಟಿನ ಜನರ ನಡುವೆ ಸ್ಕೂಟರ್ ನಿಂತು ನಿಂತು ಹೋಯಿತು. ಅಷ್ಟು ಹೊತ್ತಿಗೆ ಆಕೆ ಹೋಗಿಬಿಟ್ಟಿದ್ದರೆ ಯಾರಿಗೂ ಹೇಳಬೇಕಾಗಿಲ್ಲ ಎಂಬ ಯೋಚನೆ ಒಂದು ಕ್ಷಣ ನನಗೆ ಬಂತು. ಬರೆಯಲು ನಾಚಿಕೆಯಾಗುತ್ತದೆ, ಆದರೆ ಬಂದದ್ದು ನಿಜ.

ಅಲ್ಲಿದ್ದ ಡಾಕ್ಟರಮ್ಮ ನಡುವಯಸ್ಸಿನವರು, ಸುಸ್ತಾಗಿದ್ದರು. ನಾನು ಯಾರೆಂದು ಹೇಳಿದೆ.

"ನಾಯಿ ಡಾಕ್ಟರಾ? ಇಲ್ಲಿ ನಿಮಗೇನ್ರೀ ಕೆಲ್ಸ?"

"ಮೇಡಂ, ಆಕೆ ನಾಲ್ಕು ವರ್ಷದಿಂದ ಬೀಟಾಮೆಥಸೋನ್ ತಗೋತಿದ್ದಾರೆ ಅನ್ಸುತ್ತೆ. ಹನ್ನೆರಡು ದಿನದ ಹಿಂದೆ ಒಂದೇ ಸಲ ನಿಂತಿದೆ. ನಾನೇ ನಿಲ್ಲಿಸಿದ್ದು."

"ಯಾರು ಬರ್ಕೊಟ್ಟಿದ್ದು?"

"ನಾನೇ."

ಅವರು ನನ್ನನ್ನು ನೋಡಿದ ನೋಟವನ್ನು ಮರೆಯಲು ಇಷ್ಟು ವರ್ಷ ಸಾಲಲಿಲ್ಲ. ಒಂದು ಮಾತೂ ಬೈಯದೆ ತಿರುಗಿ ನರ್ಸಿಗೆ ಹೈಡ್ರೋಕಾರ್ಟಿಸೋನ್ ಎಂಬ ಸ್ಟೀರಾಯ್ಡ್ ಇಂಜೆಕ್ಷನ್ ತರಲು ಕೂಗಿದರು. ಬೈದಿದ್ದರೆ ವಾಸಿಯಿತ್ತು. ಮೂರು ಗಂಟೆ ನಾನು ಆ ಬೆಂಚಿನ ಮೇಲೆ ಕೂತೆ. ಪಕ್ಕದಲ್ಲಿ ಅನ್ವರ್ ಸಾಬರು ತುಟಿ ಅಲ್ಲಾಡಿಸುತ್ತಾ ಪ್ರಾರ್ಥಿಸುತ್ತಿದ್ದರು. ನನಗೆ ದೇವರ ಹೆಸರೂ ಹೊಳೆಯಲಿಲ್ಲ. ನರ್ಸು ಪ್ರತಿ ಸಲ ಬಾಗಿಲು ತೆರೆದಾಗಲೂ ಸುದ್ದಿ ಹೇಳಲು ಬಂದಳು ಎಂದು ಎದ್ದು ನಿಲ್ಲುತ್ತಿದ್ದೆ. ಸಂಜೆಯ ಹೊತ್ತಿಗೆ ಬಿಪಿ ಏರಿತು. ಸರೋಜಮ್ಮ ಕಣ್ಣುಬಿಟ್ಟು ಕಾಫಿ ಕೇಳಿದರಂತೆ.

ಮೂರನೆಯ ದಿನ ಅವರನ್ನು ನೋಡಲು ಹೋದೆ. ದಿಂಬಿಗೆ ಒರಗಿ ಕೂತಿದ್ದರು.

"ಯಾಕಮ್ಮ ತಗೊಂಡ್ರಿ? ನಾಯಿ ಮಾತ್ರೆ ಅಲ್ವಾ ಅದು?"

"ಪಿಂಕಿಗೆ ಅಷ್ಟು ಚೆನ್ನಾಗಿ ಕೆಲ್ಸ ಮಾಡ್ತು. ನನಗೆ ಮಂಡಿನೋವು, ಮಹಡಿ ಹತ್ತೋಕಾಗ್ತಿರ್ಲಿಲ್ಲ. ಒಂದು ತಗೊಂಡು ನೋಡ್ದೆ. ಮಾರನೇ ದಿನ ಮಾರ್ಕೆಟ್‌ವರೆಗೂ ನಡ್ಕೊಂಡು ಹೋಗ್ಬಂದೆ ಡಾಕ್ಟ್ರೇ. ಆಮೇಲೆ ಬಿಡೋಕೆ ಮನಸ್ಸು ಬರ್ಲಿಲ್ಲ."

"ಭಯ ಆಗ್ಲಿಲ್ವಾ?"

"ಭಯ ಯಾಕೆ? ಚೀಟಿ ಮೇಲೆ ನನ್ನ ಹೆಸರೇ ಇತ್ತಲ್ಲ. ನೀವೇ ಬರೆದಿದ್ದು."

ಅದರಲ್ಲಿ ಆರೋಪವಿರಲಿಲ್ಲ.  ಅವರು ಬದುಕಿದರು, ಮನುಷ್ಯರ ಡಾಕ್ಟರರ ಕೈಯಲ್ಲಿ ಎಂಟು ತಿಂಗಳು ಮಾತ್ರೆ ಇಳಿಸಿಕೊಂಡರು. ಮಂಡಿನೋವು ವಾಪಸು ಬಂತು, ಕೋಲು ಹಿಡಿದರು. ಪಿಂಕಿಗೆ ಬೆನ್ನಿನ ಮೇಲೆ ಬಿಳಿ ಕೂದಲು ಮತ್ತೆ ಬಂತು. ನಳಿನಿ ಎರಡನೇ ಸಲ ನೋಡಿದಾಗ ಲೆಪ್ಟಿನ್ ಕೂಡ ಇಳಿದಿತ್ತು. ಅವಳು ಸಂತೋಷದಿಂದ ಆ ಅಂಕಿ ತೋರಿಸಿದಳು. ನನಗೆ ಆ ಕಾಗದ ನೋಡಲು ಮನಸ್ಸಾಗಲಿಲ್ಲ.

ಏಕೆಂದರೆ ಅಷ್ಟರಲ್ಲಿ ನನಗೆ ಇನ್ನೊಂದು ಹೊಳೆದಿತ್ತು. ಸರೋಜಮ್ಮ ಒಬ್ಬರೇ ಅಲ್ಲ. ಹನ್ನೆರಡು ವರ್ಷ ನಾನು ಮನುಷ್ಯರ ಹೆಸರಿನಲ್ಲಿ ಚೀಟಿ ಬರೆದಿದ್ದೆ, ತುರಿಕೆಗೆ ಹೆಚ್ಚಾಗಿ ಅದೇ ಮಾತ್ರೆ. ನಕಲು ಇಟ್ಟುಕೊಂಡಿರಲಿಲ್ಲ. ಯಾರ ಮನೆಯ ಡಬ್ಬಿಯಲ್ಲಿ ಯಾರ ಹೆಸರಿನ ಚೀಟಿ ಕೂತಿದೆಯೋ, ಯಾರು ಯಾವ ಬೆಳಿಗ್ಗೆ ಅದನ್ನು ನಿಲ್ಲಿಸುತ್ತಾರೋ.

ಅನ್ವರ್ ಸಾಬರೂ ನಾನೂ ಕೂತು ನೆನಪಿನಿಂದ ಒಂದು ಪಟ್ಟಿ ಮಾಡಿದೆವು. ನನಗೆ ನಾಯಿಗಳು ನೆನಪಿದ್ದವು, ಅವರಿಗೆ ಮನೆಗಳು. ಎರಡು ತಿಂಗಳು ಮಧ್ಯಾಹ್ನ ಕ್ಲಿನಿಕ್ ಮುಚ್ಚಿ ಸ್ಕೂಟರಿನಲ್ಲಿ ಸುತ್ತಿದೆವು. ಶಿವಾಜಿನಗರ, ದೊಮ್ಮಲೂರು, ಕೆ.ಆರ್. ಪುರಂ. ಹೆಚ್ಚಿನವರು ಚೀಟಿಯನ್ನು ಎಂದೋ ಎಸೆದಿದ್ದರು. ಕೆಲವರು ನಕ್ಕರು. ನಾಯಿ ಡಾಕ್ಟರು ಕರೆಯದೇ ಬಂದು ನಿಮ್ಮ ಆರೋಗ್ಯ ಹೇಗಿದೆ ಎಂದು ಕೇಳಿದರೆ ನಗದೆ ಇನ್ನೇನು? ಫ್ರೇಜರ್ ಟೌನಿನ ಒಬ್ಬ ಮುದುಕರು ಮಾತ್ರ ಉಬ್ಬಸಕ್ಕೆ ಆಗಾಗ ಒಂದೊಂದು ನುಂಗುತ್ತಿದ್ದರು. ಅವರನ್ನು ಅಲ್ಲಿಂದಲೇ ಡಾಕ್ಟರ ಬಳಿ ಕರೆದುಕೊಂಡು ಹೋದೆ. ಒಂದೊಂದು ಹೆಸರಿನ ಮೇಲೆ ಗೆರೆ ಎಳೆದಾಗಲೂ ಸ್ವಲ್ಪ ಉಸಿರು ಬರುತ್ತಿತ್ತು.

ಕೊನೆಗೆ ಬೈಯಪ್ಪನಹಳ್ಳಿಯ ಒಂದು ಮನೆ ಉಳಿಯಿತು. ರೈಲು ಹಳಿಯ ಪಕ್ಕ ಸಾಲು ಬಾಡಿಗೆ ಕೋಣೆಗಳು. ಕಲಬುರ್ಗಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದ ಸಂಸಾರ. ಅವರ ಮುದುಕಿ ಶರಣಮ್ಮ, ಕೆಂದು ಬಣ್ಣದ ಒಂದು ಬೀದಿನಾಯಿಯನ್ನು ಸೆರಗಿನಲ್ಲಿ ಸುತ್ತಿ ಎತ್ತಿಕೊಂಡು ನನ್ನಲ್ಲಿಗೆ ಬಂದಿದ್ದಳು. ಹಾಗಾಗಿ ತುರಿಕೆಯ ಮಾತ್ರೆಯ ಚೀಟಿ ಅವಳ ಹೆಸರಿನಲ್ಲೇ ಇತ್ತು. ಅನ್ವರ್ ಸಾಬರು ಸ್ಕೂಟರ್ ಹತ್ತಿರ ನಿಂತರು, ನಾನು ಒಳಗೆ ಹೋದೆ. ಸೊಸೆ ಕೆಲಸಕ್ಕೆ ಹೋಗದೆ ಮನೆಯಲ್ಲಿದ್ದಳು. ಗುರುತು ಹಿಡಿದು ಚಾಪೆ ಹಾಸಿದಳು.

"ನಾಯಿ ಹ್ಯಾಂಗದ ಅಂತ ನೋಡ್ಲಿಕ್ಕಿ ಬಂದ್ರೇನ್ರಿ ಸಾಹೇಬ್ರ? ಅದು ಲಾರಿಗಿ ಸಿಕ್ಕು ಸತ್ತೇ ಹೋತ್ರಿ."

"ಶರಣಮ್ಮ ಎಲ್ಲಿ?"

"ಅತ್ತಿನೂ ಹೋದ್ಳ್ರಿ. ನಾಕ್ ತಿಂಗ್ಳಾತು. ನಾಯಿ ಸತ್ತ ಮ್ಯಾಲ ಗುಳಗಿ ತರೂದು ಬಿಟ್ವಿ. ಆಮ್ಯಾಲ ಹದಿನೈದು ದಿನಾನೂ ಆಗಿದ್ದಿಲ್ರಿ. ವಾಂತಿ ಮಾಡ್ಕೊಂಡ್ಳು, ಮಲ್ಕೊಂಡ್ಳು, ಮುಗೀತು. ನಾಯಿ ಚಿಂತ್ಯಾಗೇ ಹೋದ್ಳು ಅಂತಾರ್ರಿ ಎಲ್ಲಾರೂ. ಭಾಳ ಹಚ್ಕೊಂಡಿದ್ಳು ಅದನ್ನ."

 ಅವಳು ಚಹಾ ತಂದು ಮುಂದಿಟ್ಟಳು. ಆಮೇಲೆ ಗೋಡೆಯ ಗೂಡಿನಿಂದ ಒಂದು ಡಬ್ಬಿ ತೆಗೆದು, ಅದರೊಳಗಿನ ಚೀಟಿ ಬಿಡಿಸಿ ನನಗೆ ಕೊಟ್ಟಳು. ಶರಣಮ್ಮ ಎಂದು ನನ್ನದೇ ಅಕ್ಷರ.

"ಸಾಹೇಬ್ರ, ಇಟ್ಟಂಗಿ ಹೊತ್ತು ಹೊತ್ತು ನನಗೂ ಟೊಂಕ ಹಿಡ್ದದ. ಈ ಗುಳಗಿ ನಾ ತಗೋಬಹುದೇನ್ರಿ?"

"ಬೇಡಮ್ಮ," ಎಂದೆ. ಚೀಟಿಯನ್ನು ಮಡಚಿ ಜೇಬಿಗೆ ಹಾಕಿಕೊಂಡೆ. ಟೊಂಕಕ್ಕೆ ಯಾರಲ್ಲಿ ತೋರಿಸಬೇಕೆಂದು ಹೇಳಿದೆ. ಚಹಾ ಪೂರ್ತಿ ಕುಡಿದೆ. ಅತ್ತೆ ಆ ಗುಳಿಗೆ ತೆಗೆದುಕೊಳ್ಳುತ್ತಿದ್ದಳಾ ಎಂದು ಒಂದು ಮಾತು ಕೇಳಬೇಕಿತ್ತು. ಅದನ್ನು ಕೇಳುವುದಕ್ಕೆಂದೇ ಅಷ್ಟು ದೂರ ಹೋಗಿದ್ದೆ. ಕೇಳಿದ್ದರೆ ಆ ಹೆಂಗಸು ಹೇಳಿಬಿಡುತ್ತಿದ್ದಳು. ಅದಕ್ಕೇ ಕೇಳದೆ ಎದ್ದು ಬಂದೆ.